ರಾತ್ರಿ ಒದೆಯುವ ಕಾಲು, ಬೆಳಿಗ್ಗೆ ಏರುವ ಬಿ.ಪಿ.

ಮಡಕಶಿರಾ ಸೀಮೆಯ ನಮ್ಮ ಊರಲ್ಲಿ ಒಂದು ಬೀದಿ ಕನ್ನಡ, ಇನ್ನೊಂದು ಬೀದಿ ತೆಲುಗು. ದಿನವೆಲ್ಲಾ ಕಡ್ಲೇಕಾಯಿ ಹೊಲದಲ್ಲಿ ದುಡಿದು ಚಾಪೆ ಮೇಲೆ ಒರಗಿದರೆ ಕನ್ನಡದವರು 'ಕಾಲು ಎಳೀತಾವೆ' ಅಂತಾರೆ, ತೆಲುಗಿನವರು 'ಕಾಳ್ಳು ಲಾಗುತುನ್ನಾಯಿ' ಅಂತಾರೆ. ಎರಡೂ ಒಂದೇ ಮಾತು. ದುಡಿಮೆಯ ದಣಿವು ಅಂದುಕೊಂಡು ಬೆಳಿಗ್ಗೆ ಎಲ್ಲರೂ ಮರೆಯುತ್ತಾರೆ. ನಾನೂ ಮರೆತಿದ್ದೆ.

ನಾಲ್ಕು ವರ್ಷದಿಂದ ಬಿ.ಪಿ. ಮಾತ್ರೆ ನುಂಗುತ್ತಿದ್ದೇನೆ. ಉಪ್ಪು, ಉಪ್ಪಿನಕಾಯಿ ಕಡಿಮೆ ಮಾಡಿದರೂ ಬೆಳಗಿನ ಹೊತ್ತು 150ಕ್ಕಿಂತ ಇಳಿಯುತ್ತಿರಲಿಲ್ಲ. ಮಾತ್ರೆ ಹೆಚ್ಚಿಸುವ ಮೊದಲು ಡಾಕ್ಟರು ಕೇಳಿದರು: 'ನಿದ್ದೆ ಹೇಗಿದೆ?' 'ಚೆನ್ನಾಗೇ ಬರುತ್ತೆ ಸಾರ್' ಅಂದೆ. ಜೊತೆಗಿದ್ದ ಹೆಂಡತಿ ಸುಮ್ಮನಿರಲಿಲ್ಲ. 'ಎಲ್ಲಿ ಚೆನ್ನಾಗೈತೆ ಸಾರ್? ನೊಣ ಮುತ್ತಿದ ಎತ್ತಿನಂಗೆ ರಾತ್ರಿಯೆಲ್ಲಾ ಕಾಲು ಜಾಡಿಸ್ತಾರೆ. ನಾನು ಚಾಪೆ ದೂರ ಹಾಕ್ಕೊಂಡು ಎರಡು ವರ್ಷ ಆಯ್ತು' ಅಂದಳು. ಚಾಪೆ ದೂರ ಹೋದದ್ದು ನನಗೆ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ.

ಇದರಲ್ಲಿ ಎರಡು ತೊಂದರೆಗಳಿವೆ. ಒಂದು, ಎಚ್ಚರವಿದ್ದಾಗ ಬರುವುದು. ಸಂಜೆ, ರಾತ್ರಿ ಸುಮ್ಮನೆ ಕೂತರೆ, ಮಲಗಿದರೆ ಕಾಲೊಳಗೆ ಏನೋ ಹರಿದಂತೆ, ಎಳೆದಂತೆ ಆಗುತ್ತದೆ. ಎದ್ದು ನಡೆದರೆ ಹಗುರ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಇದನ್ನು ಬರೆದಿದ್ದಾನೆ. ಸ್ವೀಡನ್ನಿನ ಕಾರ್ಲ್ ಎಕ್ಬಾಮ್ 1945ರಲ್ಲಿ ವಿವರವಾಗಿ ಬರೆದು 'ರೆಸ್ಟ್‌ಲೆಸ್ ಲೆಗ್ಸ್' ಎಂದು ಹೆಸರಿಟ್ಟ. ಇನ್ನೊಂದು, ನಿದ್ದೆಯಲ್ಲಿ ಬರುವುದು. ಹೆಚ್ಚಾಗಿ 20-40 ಸೆಕೆಂಡಿಗೊಮ್ಮೆ ಹೆಬ್ಬೆರಳು, ಪಾದ, ಮೊಣಕಾಲು ತಾವಾಗಿ ಸೆಟೆಯುತ್ತವೆ. ಮಲಗಿದವನಿಗೆ ಇದು ಗೊತ್ತಾಗುವುದೇ ಇಲ್ಲ. ಮೊದಲನೆಯದು ಇರುವವರಲ್ಲಿ 100ಕ್ಕೆ 80ರಷ್ಟು ಮಂದಿಗೆ ಎರಡನೆಯದೂ ಇರುತ್ತದೆ.

ಬಿ.ಪಿ.ಗೂ ಇದಕ್ಕೂ ಏನು ನಂಟು? ನಿದ್ದೆಯಲ್ಲಿ ರಕ್ತದೊತ್ತಡ ಹಗಲಿಗಿಂತ 100ಕ್ಕೆ 10ರಿಂದ 20ರಷ್ಟು ಇಳಿಯಬೇಕು. ಅದು ಹೃದಯಕ್ಕೂ ರಕ್ತನಾಳಕ್ಕೂ ಸಿಗುವ ವಿಶ್ರಾಂತಿ. ಕಾಲು ಒದೆದಾಗಲೆಲ್ಲಾ ನರಗಳು ಬೆಚ್ಚುತ್ತವೆ, ಎದೆಬಡಿತ ಜೋರಾಗುತ್ತದೆ, ಒತ್ತಡ ಕೆಲವು ಸೆಕೆಂಡು ಏರಿ ಇಳಿಯುತ್ತದೆ. 2007ರಲ್ಲಿ ಕೆನಡಾದ ಸಂಶೋಧಕರು ಅಳೆದಾಗ ಮೇಲಿನ ಅಂಕಿ ಸರಾಸರಿ 22, ಕೆಳಗಿನದು 11 ಏರಿತ್ತು. ಕರೆಂಟು ಹೋಗಿ ಬಂದು ಮಾಡಿದ ರಾತ್ರಿ ಬೋರಿನ ಮೋಟಾರು ಹತ್ತಾರು ಸಲ ನಿಂತು ಹೊರಟರೆ ಪೈಪಿನ ಜಾಯಿಂಟು ಏನಾಗುತ್ತದೆಂದು ರೈತನಿಗೆ ಹೇಳಿಕೊಡಬೇಕಾಗಿಲ್ಲ. ಹಾಗಂತ ಕಾಲು ಜಾಡಿಸುವವರಿಗೆಲ್ಲಾ ಬಿ.ಪಿ. ಬರುತ್ತದೆ ಎಂದೇನೂ ಅಲ್ಲ. ಆದರೆ ಮಾತ್ರೆಗೆ ಬಗ್ಗದ ಬಿ.ಪಿ. ಇದ್ದವರು ರಾತ್ರಿಯ ಸಂಗತಿ ಹೇಳಲೇಬೇಕು. ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುತ್ತಿದ್ದರೆ ಅದನ್ನೂ ಹೇಳಬೇಕು; ಅದೂ ಬಿ.ಪಿ. ಏರಿಸುತ್ತದೆ.

ಕಾಲಿನ ಈ ತೊಂದರೆಗೆ ಮೈಯಲ್ಲಿ ಕಬ್ಬಿಣದಂಶ ಕಡಿಮೆಯಾಗುವುದು ಒಂದು ಮುಖ್ಯ ಕಾರಣ. ಗರ್ಭಿಣಿಯರಲ್ಲಿ, ಕಿಡ್ನಿ ರೋಗದವರಲ್ಲಿ ಇದು ಹೆಚ್ಚು. ಕಾಫಿ, ಟೀ, ಹೆಂಡ, ನೆಗಡಿಯ ಕೆಲವು ಮಾತ್ರೆ ಇದನ್ನು ಕೆರಳಿಸಬಹುದು. ಫೆರಿಟಿನ್ ಎಂಬ ರಕ್ತಪರೀಕ್ಷೆಯಿಂದ ಕಬ್ಬಿಣದ ದಾಸ್ತಾನು ತಿಳಿಯುತ್ತದೆ. ನನ್ನದು ತೀರಾ ಕಡಿಮೆ ಇತ್ತು. ಮೂಲವ್ಯಾಧಿಯಲ್ಲಿ ರಕ್ತ ಹೋಗುತ್ತಿದ್ದುದನ್ನು ನಾಚಿಕೆಯಿಂದ ಮುಚ್ಚಿಟ್ಟಿದ್ದೆ. ಅದಕ್ಕೆ ಔಷಧಿ, ಜೊತೆಗೆ ಕಬ್ಬಿಣದ ಮಾತ್ರೆ ಕೊಟ್ಟರು. ಸಂಜೆಯ ಟೀ ಬಿಡಿಸಿದರು. ಬಿ.ಪಿ. ಮಾತ್ರೆ ಮಾತ್ರ ನಿಲ್ಲಿಸಲಿಲ್ಲ. ಈಗ ಒದೆತ ಕಡಿಮೆಯಾಗಿದೆ, ಬೆಳಗಿನ ಅಂಕಿ 140ರ ಒಳಗೆ ಬಂದಿದೆ. ದೂರದ ಚಾಪೆಯೂ ಅರ್ಧ ಮಾರು ಹತ್ತಿರ ಬಂದಿದೆ.

ಕಬ್ಬಿಣದ ಮಾತ್ರೆಯನ್ನು ಯಾರೂ ತಾವಾಗಿ ಅಂಗಡಿಯಿಂದ ತಂದು ನುಂಗಬೇಡಿ. ಪರೀಕ್ಷೆ ಮಾಡಿಸಿಯೇ ತಗೊಳ್ಳಿ. ಬೇಕಾದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಗಳಲ್ಲಿ ರಾತ್ರಿ ಮಲಗಿಸಿ ಕಾಲು, ಉಸಿರು, ಎದೆಬಡಿತ ದಾಖಲಿಸುವ ಪರೀಕ್ಷೆ ಇದೆ. ಎಲ್ಲಕ್ಕಿಂತ ಮೊದಲು, ಮುಂದಿನ ಸಲ ಬಿ.ಪಿ. ತೋರಿಸಲು ಹೋಗುವಾಗ ಪಕ್ಕದಲ್ಲಿ ಮಲಗುವವರನ್ನೂ ಕರ್ಕೊಂಡು ಹೋಗಿ. ನಮ್ಮ ನಿದ್ದೆಗೆ ಸಾಕ್ಷಿ ಅವರೇ ಹೊರತು ನಾವಲ್ಲ.