ನಿಮಗಿದು ಗೊತ್ತೇ? ವಾಗ್ದಾನದ ಹಿಂದುಮುಂದಿನ ವಚನಗಳು

◆ ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ತಟ್ಟೆಯಿಂದ ವಾಗ್ದಾನದ ಕಾರ್ಡು ಎತ್ತಿಕೊಳ್ಳುವ ರೂಢಿ ನಮ್ಮ ಎಷ್ಟೋ ಸಭೆಗಳಲ್ಲಿದೆ. ಆ ಕಾರ್ಡುಗಳ ಅಚ್ಚುಮೆಚ್ಚಿನ ವಚನ ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನ್ನ ಆಲೋಚನೆ ಒಳ್ಳೆಯದೇ ಎಂದು ದೇವರು ಹೇಳುವ ಮಾತು. ಅದರ ಹಿಂದಿನ ವಚನವನ್ನು ಕಾರ್ಡಿನಲ್ಲಿ ಯಾರೂ ಅಚ್ಚು ಹಾಕಿಸುವುದಿಲ್ಲ. ಬಾಬೆಲಿನಲ್ಲಿ 70 ವರ್ಷ ತುಂಬಿದ ಮೇಲೆ ಎಂಬ ಗಡುವು ಇರುವುದು ಅಲ್ಲೇ. ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಈ ಪತ್ರವನ್ನು ಕೇಳಿಸಿಕೊಂಡ ನಡುವಯಸ್ಸಿನವರಲ್ಲಿ ಮರಳಿ ಊರು ಕಾಣುವವರು ಎಷ್ಟು ಮಂದಿ? ಅದಕ್ಕೇ ಅದೇ ಪತ್ರದಲ್ಲಿ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ ಎಂಬ ಸಲಹೆಯೂ ಇದೆ.

◆ ಇದಕ್ಕಿಂತ ಸಿಹಿಯಾದ ಇನ್ನೊಂದು ವಾಗ್ದಾನವೂ ಆಗ ಪೇಟೆಯಲ್ಲಿತ್ತು! ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲರೂ ವಾಪಸು ಬರುತ್ತಾರೆ ಎಂದು ದೇವಾಲಯದಲ್ಲೇ ಸಾರಿದ. ಬಾಬೆಲಿನ ಆಳ್ವಿಕೆಯ ಗುರುತಾಗಿ ಯೆರೆಮೀಯ ಹೆಗಲ ಮೇಲೆ ಹೊತ್ತಿದ್ದ ಮರದ ನೊಗವನ್ನು ಎಲ್ಲರೆದುರು ಮುರಿದೂ ಹಾಕಿದ. ಯೆರೆಮೀಯ ಮೊದಲು ಹೇಳಿದ್ದು ‘ಆಮೆನ್’, ಹಾಗೇ ಆಗಲಿ ಅಂತ. ಅವನಿಗೂ ಅದೇ ಬೇಕಿತ್ತು. ಆದರೆ ಅದು ದೇವರ ಮಾತಾಗಿರಲಿಲ್ಲ. ಹನನ್ಯ ಅದೇ ವರ್ಷ ತೀರಿಕೊಂಡ (ಯೆರೆಮೀಯ 28).

◆ ಯೆರೂಸಲೇಮಿಗೆ ಬಾಬೆಲಿನ ಸೈನ್ಯ ಮುತ್ತಿಗೆ ಹಾಕಿದ್ದಾಗ ಯೆರೆಮೀಯ ಜಮೀನು ಕೊಂಡ! ತಾನು ಕಾವಲಿನ ಅಂಗಳದಲ್ಲಿ ಬಂದಿ, ಜಮೀನು ಇದ್ದದ್ದು ಅನಾತೋತಿನಲ್ಲಿ. ಚಿಕ್ಕಪ್ಪನ ಮಗ ಹನಮೇಲನಿಗೆ 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟ. ಕ್ರಯಪತ್ರಕ್ಕೆ ಸಾಕ್ಷಿ ಹಾಕಿಸಿದ. ಮುದ್ರೆ ಹಾಕಿದ ಪ್ರತಿ, ತೆರೆದ ಪ್ರತಿ ಎರಡನ್ನೂ ಮಣ್ಣಿನ ಮಡಕೆಯಲ್ಲಿಟ್ಟು ಬಹುಕಾಲ ಉಳಿಯುವಂತೆ ಕಾಪಾಡಲು ತನ್ನ ಲಿಪಿಕಾರ ಬಾರೂಕನಿಗೆ ಹೇಳಿದ. ಈ ನಾಡಿನಲ್ಲಿ ಮತ್ತೆ ಹೊಲಮನೆಗಳ ಕ್ರಯವಿಕ್ರಯ ನಡೆಯುತ್ತದೆ ಎಂಬ ದೇವರ ಮಾತೊಂದೇ ಅವನಿಗಿದ್ದ ಭರವಸೆ. ನನಗೆ ಹಿಡಿಸುವುದು ಆಮೇಲಿನ ಸಂಗತಿ. ದುಡ್ಡು ಎಣಿಸಿಕೊಟ್ಟ ಮೇಲೆ ಪ್ರವಾದಿಗೇ ತಲೆಬಿಸಿಯಾಯಿತು. ಊರೇ ಶತ್ರುವಿನ ಕೈಸೇರುತ್ತಿದೆ, ಹೊಲ ಕೊಂಡುಕೋ ಅಂದೆಯಲ್ಲಾ ಎಂದು ದೇವರನ್ನೇ ಕೇಳುತ್ತಾನೆ (32ನೇ ಅಧ್ಯಾಯ). ಮುಂದೆ ಜನರು ಅವನನ್ನು ಐಗುಪ್ತಕ್ಕೆ ಎಳೆದೊಯ್ದರು. ಅವನು ಆ ಹೊಲ ಉತ್ತ ಸುದ್ದಿ ಸತ್ಯವೇದದಲ್ಲಿ ಎಲ್ಲೂ ಇಲ್ಲ.

◆ ಮುಗಿಲಬಿಲ್ಲು ಯಾರ ನೆನಪಿಗೆ? ನಮ್ಮ ನೆನಪಿಗಲ್ಲ. ಅದನ್ನು ನೋಡಿ ನಾನೇ ನನ್ನ ಒಡಂಬಡಿಕೆಯನ್ನು ನೆನಪು ಮಾಡಿಕೊಳ್ಳುತ್ತೇನೆ ಎಂದು ದೇವರು ನೋಹನಿಗೆ ಹೇಳುತ್ತಾನೆ (ಆದಿಕಾಂಡ 9).

◆ ಮಗುವಾಗುತ್ತದೆ ಎಂದಾಗ ನಕ್ಕವಳು ಸಾರಳೆಂದೇ ಎಲ್ಲರ ನೆನಪು. ಅವಳಿಗಿಂತ ಮೊದಲು, ಬೋರಲು ಬಿದ್ದುಕೊಂಡೇ ನಕ್ಕವನು ಅಬ್ರಹಾಮ (ಆದಿಕಾಂಡ 17). ಖಾರಾನಿನಿಂದ ಹೊರಟಾಗ ಅವನಿಗೆ 75 ವರ್ಷ, ಇಸಾಕ ಹುಟ್ಟಿದಾಗ 100. ವಿಶ್ವಾಸಿಗಳ ತಂದೆಗೂ ನಗು ಬಂತೆಂದರೆ ನಮ್ಮದೇನು ದೊಡ್ಡದು!

◆ ಕಾನಾನಿನಲ್ಲಿ ತನಗೆ ಪಾಲು ಸಿಗುತ್ತದೆಂಬ ಮಾತು ಕಾಲೇಬನಿಗೆ ಸಿಕ್ಕಿದ್ದು 40ನೇ ವಯಸ್ಸಿನಲ್ಲಿ. ಕೇಳಿ ಪಡೆದದ್ದು 85ರಲ್ಲಿ. ಆ ವಯಸ್ಸಿನಲ್ಲಿ ಬೇಡಿದ್ದು ಎಂಥ ಜಾಗ? ದೈತ್ಯರಂಥ ಅನಾಕ್ಯರಿದ್ದ, ಕೋಟೆಯೂರುಗಳ ಹೆಬ್ರೋನಿನ ಬೆಟ್ಟ.

◆ ದಿನಕ್ಕೊಂದು ವಚನವನ್ನು ಚೀಟಿಯಲ್ಲಿ ಎತ್ತುವ ಪದ್ಧತಿ ಜರ್ಮನಿಯ ಹೆರ್ನ್‌ಹೂಟ್ ಎಂಬ ಸಣ್ಣ ಊರಿನಲ್ಲಿ 1728ರಷ್ಟು ಹಿಂದೆಯೇ ಶುರುವಾಯಿತು. ನಡೆಸಿಕೊಟ್ಟವನು ಕೌಂಟ್ ಜಿನ್ಜೆಂಡಾರ್ಫ್. 1731ರಿಂದ ಅದು ‘ಲೋಸುಂಗೆನ್’ ಎಂಬ ವಾರ್ಷಿಕ ಪುಸ್ತಕವಾಗಿ ಬರುತ್ತಿದೆ, ಹಳೆ ಒಡಂಬಡಿಕೆಯ ವಚನಗಳನ್ನು ಇಂದಿಗೂ ಚೀಟಿಯಿಂದಲೇ ಆರಿಸುತ್ತಾರೆ. 1944ರ ಜುಲೈ 20ರಂದು ಹಿಟ್ಲರನ ಮೇಲೆ ಬಾಂಬಿಟ್ಟ ಸಂಚು ವಿಫಲವಾಯಿತು. ಅದರ ನಂಟಿದ್ದ ಪಾದ್ರಿ ಡೀಟ್ರಿಷ್ ಬೊನ್‌ಹಾಫರ್ ಆಗ ಬರ್ಲಿನ್ನಿನ ಟೇಗಲ್ ಜೈಲಿನಲ್ಲಿದ್ದರು. ಲೋಸುಂಗೆನ್‌ನಲ್ಲಿ ಆ ದಿನಕ್ಕೆ ಬಂದಿದ್ದ ವಚನ 20ನೇ ಕೀರ್ತನೆಯದು: ಕೆಲವರಿಗೆ ರಥಗಳ ನಂಬಿಕೆ, ನಮಗೆ ದೇವರ ಹೆಸರಿನ ನಂಬಿಕೆ ಎಂಬರ್ಥದ್ದು. ಇನ್ನು ತಾನು ಉಳಿಯುವುದು ಕಷ್ಟ ಎಂಬುದು ಅವರಿಗೆ ತಿಳಿದಿರಲಿಕ್ಕೆ ಸಾಕು. ಆದರೂ ಮಾರನೆಯ ದಿನ ಗೆಳೆಯನಿಗೆ ಬರೆದ ಕಾಗದದಲ್ಲಿ ನಿನ್ನೆಯ ಮತ್ತು ಇಂದಿನ ವಚನಗಳು ಬಹಳ ಚೆನ್ನಾಗಿವೆ ಎಂದು ಬರೆದರು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು. ವಚನ ಸುಳ್ಳಾಯಿತೆಂದು ಅವರು ಎಲ್ಲೂ ದೂರಲಿಲ್ಲ.

◆ ಬ್ರಿಸ್ಟಲ್ಲಿನ ಜಾರ್ಜ್ ಮುಲ್ಲರ್ ಯಾರಲ್ಲೂ ದೇಣಿಗೆ ಕೇಳದೆ ಅನಾಥಾಶ್ರಮ ನಡೆಸಿದ ಕಥೆ ಸಂಡೇ ಸ್ಕೂಲಿನ ಮಕ್ಕಳಿಗೂ ಗೊತ್ತು. ಅವರು ಎಂಥ ಲೆಕ್ಕದ ಮನುಷ್ಯ ಎಂಬುದು ಅಷ್ಟಾಗಿ ಗೊತ್ತಿಲ್ಲ. ಬಾಯಿ ಅಗಲಿಸು, ನಾನು ತುಂಬಿಸುತ್ತೇನೆ ಎಂಬರ್ಥದ ಮಾತನ್ನು 81ನೇ ಕೀರ್ತನೆಯಲ್ಲಿ ಓದಿದ್ದು 1835ರ ಡಿಸೆಂಬರ್ 5ರಂದು. ಅಂದೇ 1,000 ಪೌಂಡಿಗಾಗಿ ಪ್ರಾರ್ಥಿಸಿದರು. ಮೊದಲು ಬಂದದ್ದು ಒಂದು ಶಿಲ್ಲಿಂಗ್! ಪೂರ್ತಿ ಮೊತ್ತ ಸೇರಲು 18 ತಿಂಗಳು 10 ದಿನ ಹಿಡಿಯಿತು ಎಂದು ತಾವೇ ಬರೆದಿಟ್ಟಿದ್ದಾರೆ. ಬಂದ ಕಾಣಿಕೆಗಳ ಲೆಕ್ಕವನ್ನು ಅಚ್ಚು ಹಾಕಿಸುತ್ತಲೂ ಇದ್ದರು. ನಂಬಿಕೆ ಇದ್ದಲ್ಲಿ ಲೆಕ್ಕಪತ್ರ ಯಾಕೆ ಎನ್ನುವವರಿಗೆ ಈ ಪುಟಗಳನ್ನು ತೋರಿಸಬೇಕು.

◆ ಇದೇ ದಾರಿಯಲ್ಲಿ ನಡೆದ ಮಿಷನರಿ ಏಮಿ ಕಾರ್ಮೈಕಲ್ ಭಾರತದಲ್ಲಿ ಮೊದಲು ನೆಲೆ ನಿಂತದ್ದು ನಮ್ಮ ಬೆಂಗಳೂರಿನಲ್ಲಿ, 1895ರಲ್ಲಿ. ಮುಂದೆ ತಮಿಳುನಾಡಿನ ದೋಣಾವೂರಿನಲ್ಲಿ ಮಕ್ಕಳ ಆಶ್ರಯ ಕಟ್ಟಿದರು. 1951ರಲ್ಲಿ ತೀರಿಕೊಳ್ಳುವವರೆಗೂ ಒಮ್ಮೆಯೂ ಸ್ವದೇಶಕ್ಕೆ ರಜೆಯ ಮೇಲೆ ಹೋಗಲಿಲ್ಲ. ಕೊನೆಯ ಸುಮಾರು 20 ವರ್ಷ ಹಾಸಿಗೆಯಲ್ಲೇ ಕಳೆದರು.

◆ ‘ಹೆದರಬೇಡ’ ಎಂಬ ಮಾತು ಸತ್ಯವೇದದಲ್ಲಿ ಸರಿಯಾಗಿ 365 ಸಲ ಬರುತ್ತದೆ ಎನ್ನುತ್ತಾರೆ, ದಿನಕ್ಕೊಂದರಂತೆ! ಪ್ರಸಂಗದಲ್ಲಿ ಕೇಳಲು ಚೆನ್ನ, ಎಣಿಸಲು ಕೂತರೆ ಸಂಖ್ಯೆ ಅಷ್ಟಾಗುವುದಿಲ್ಲ. ಹತ್ತು ಸಲ ಬಂದಿದ್ದರೂ ಸಾಕಿತ್ತಲ್ಲ.

◆ ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಆದಿ ಕ್ರೈಸ್ತರು ಕೆತ್ತಿದ ಗುರುತುಗಳಲ್ಲಿ ಹಡಗಿನ ಲಂಗರೂ ಒಂದು. ದೇವರ ವಾಗ್ದಾನದ ಮೇಲಿನ ನಿರೀಕ್ಷೆಯನ್ನು ಇಬ್ರಿಯರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯ ಲಂಗರಿಗೇ ಹೋಲಿಸುತ್ತದೆ.

◆ ಪುರಾತನ ಕಾಲದಲ್ಲಿ ಕ್ರೈಸ್ತರು ತಾಯಿತಗಳಲ್ಲಿ, ಬಳೆಗಳಲ್ಲಿ, ಬಾಗಿಲ ಮೇಲಿನ ಕಲ್ಲುಗಳಲ್ಲಿ ಹೆಚ್ಚಾಗಿ ಬರೆಸಿಕೊಂಡದ್ದು 91ನೇ ಕೀರ್ತನೆಯನ್ನು. ಕಾಪಾಡುತ್ತೇನೆಂಬ ಮಾತು ತುಂಬಿದ ಕೀರ್ತನೆ ಅದು. ಸೈತಾನನಿಗೂ ಅದು ಕಂಠಪಾಠ! ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಅವನು ಎತ್ತಿ ಹೇಳಿದ್ದು ಇದೇ ಕೀರ್ತನೆಯ 11 ಮತ್ತು 12ನೇ ವಚನಗಳನ್ನು. ದೇವರನ್ನು ಪರೀಕ್ಷಿಸಬಾರದು ಎಂಬ ಧರ್ಮೋಪದೇಶಕಾಂಡದ ಮಾತಿನಿಂದ ಯೇಸು ಉತ್ತರಿಸಿದ. ಸೈತಾನ 12ಕ್ಕೇ ನಿಲ್ಲಿಸಿದ್ದು ಯಾಕೋ! 13ನೇ ವಚನದಲ್ಲಿರುವುದು ಸರ್ಪವನ್ನು ತುಳಿದುಹಾಕುವ ಮಾತು.