ಪುಟ್ಟಣ್ಣಂಗೆ ನನ್ನ ಹೆಸ್ರು ಮರ್ತೋಯ್ತು!

ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆಂದು ನಾವು ನಾಲ್ವರು ಸೇರಿ ಮಾಡಿದ ರೋಬೊಗೆ ‘ಪುಟ್ಟಣ್ಣ’ ಎಂದು ಹೆಸರಿಟ್ಟಿದ್ದೆವು. ಥರ್ಮಾಕೋಲ್ ತಲೆ, ಎಲ್‌ಇಡಿ ಕಣ್ಣು, ಕತ್ತು ತಿರುಗಿಸಲು ಎರಡು ಸರ್ವೊ ಮೋಟರ್. ಮಾತು ಮಾತ್ರ ಅದರದ್ದಲ್ಲ. ಬ್ಯಾನರ್ ಹಿಂದೆ ಕೂತ ಗೆಳೆಯ ಮೈಕ್ ಹಿಡಿದು, ದನಿ ಬದಲಿಸಿ ಉತ್ತರ ಕೊಡುತ್ತಿದ್ದ.

ಮಕ್ಕಳು ಮಗ್ಗಿ ಕೇಳಬಹುದು, ರಾಜಧಾನಿ ಕೇಳಬಹುದು ಎಂದು ಅವನು ಗೂಗಲ್ ತೆರೆದಿಟ್ಟುಕೊಂಡಿದ್ದ. ಪಕ್ಕದ ಶಾಲೆಯ ಮಕ್ಕಳು ಬಂದವರೇ ಕೇಳಿದ್ದು, ‘ಊಟ ಆಯ್ತಾ?’ ಆಮೇಲೆ ‘ನಿಮ್ಮಮ್ಮ ಎಲ್ಲಿ?’, ‘ರಾತ್ರಿ ಇಲ್ಲಿ ಒಬ್ನೇ ಮಲಗ್ತೀಯಾ?’ ಗೂಗಲ್ ಯಾವ ಉಪಯೋಗಕ್ಕೂ ಬರಲಿಲ್ಲ. ಹೊರಡುವಾಗ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಹೆಸರು ಹೇಳಿ, ‘ನಾಳೆ ಅಪ್ಪನ್ನ ಕರ್ಕೊಂಡು ಬರ್ತೀನಿ, ನೆನಪಿಟ್ಕೋ ಪುಟ್ಟಣ್ಣ’ ಎಂದಳು. ‘ಖಂಡಿತ’ ಎಂದ ಪುಟ್ಟಣ್ಣ. ಅಂದರೆ, ನನ್ನ ಗೆಳೆಯ.

ಮರುದಿನ ಬಂದೇಬಿಟ್ಟಳು. ಗೆಳೆಯ ಊಟಕ್ಕೆ ಹೋಗಿದ್ದ, ಮೈಕ್ ನನ್ನ ಕೈಲಿತ್ತು. ‘ನಾನ್ಯಾರು ಹೇಳು?’ ಎಂದಳು. ಅಷ್ಟೊಂದು ಮಕ್ಕಳ ನಡುವೆ ನನಗೆಲ್ಲಿ ನೆನಪು! ‘ನಿನ್ನ ಹೆಸರೇನು ಪುಟ್ಟಿ?’ ಎಂದುಬಿಟ್ಟೆ. ಮುಖ ಸಪ್ಪಗಾಯಿತು. ‘ಅಪ್ಪಾ, ಅದಕ್ಕೆ ಮರ್ತೋಗಿದೆ’ ಎಂದಳು. ನಿನ್ನೆ ಪುಟ್ಟಣ್ಣ ಆಗಿದ್ದವನು ಇವತ್ತು ‘ಅದು’ ಆಗಿದ್ದ.

ಈ ಬೇಸರದಲ್ಲೇ ಹುಡುಕುತ್ತಿದ್ದಾಗ ಸಿಕ್ಕಿದ್ದು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೀಟರ್ ಕಾನ್ ಮತ್ತು ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನ. 9, 12 ಮತ್ತು 15 ವರ್ಷದ ಒಟ್ಟು 90 ಮಕ್ಕಳು ‘ರೋಬೊವಿ’ ಎಂಬ ರೋಬೊ ಜೊತೆ 15 ನಿಮಿಷ ಕಳೆದರು. ಅದನ್ನೂ ಮರೆಯಲ್ಲಿ ಕೂತ ಮನುಷ್ಯರೇ ಆಡಿಸುತ್ತಿದ್ದರು, ನಮ್ಮ ಹಾಗೇ! ಆಟದ ನಡುವೆ ಒಬ್ಬರು ಬಂದು ರೋಬೊವನ್ನು ಸಾಮಾನಿನ ಕೋಣೆಗೆ ಕಳಿಸುತ್ತಾರೆ. ಇದು ಅನ್ಯಾಯ, ಅಲ್ಲಿ ಕತ್ತಲು, ನನಗೆ ಭಯ ಎಂದು ಅದು ಗೋಗರೆಯುತ್ತದೆ. ಹಾಗೆ ಕಳಿಸಿದ್ದು ತಪ್ಪು ಎಂದವರು ಶೇ 54ರಷ್ಟು ಮಕ್ಕಳು. ಪೊರಕೆಯನ್ನು ಅಲ್ಲಿಟ್ಟರೆ ಮಾತ್ರ ಯಾರದ್ದೂ ತಕರಾರಿಲ್ಲ. ತಮಾಷೆಯೆಂದರೆ, ಅದು ತಮ್ಮ ಸ್ನೇಹಿತನಾಗಬಹುದು ಎಂದ ಮಕ್ಕಳಲ್ಲೇ ಬಹಳಷ್ಟು ಜನ, ಅದಕ್ಕೆ ಸಂಬಳ ಕೊಡಬೇಕು ಎಂದು ಮಾತ್ರ ಒಪ್ಪಲಿಲ್ಲ. ಮನುಷ್ಯನೂ ಅಲ್ಲ, ಪೊರಕೆಯೂ ಅಲ್ಲ. ನಡುವೆ ಎಲ್ಲೋ ಒಂದು ಜಾಗ.

ಮಕ್ಕಳಿಗೆ ಅದು ಯಂತ್ರ ಅಂತ ಗೊತ್ತಿಲ್ಲವೆಂದಲ್ಲ. ನಮ್ಮಲ್ಲಿಗೆ ಬಂದವರೂ ‘ಬ್ಯಾಟರಿ ಎಲ್ಲಿ?’ ಎಂದು ಬೆನ್ನು ತಡವಿ ನೋಡಿದವರೇ. ಆದರೆ ಕಣ್ಣು ಕೊಟ್ಟು, ಹೆಸರಿಟ್ಟು, ಮಾತಾಡಿಸಿದವರು ನಾವು. ಮೇಲಿಂದ ‘ಖಂಡಿತ’ ಎಂದು ಮಾತು ಬೇರೆ ಕೊಟ್ಟೆವು. ಆ ಹುಡುಗಿ ಕೇಳಿದ್ದು ಆ ಮಾತನ್ನಷ್ಟೇ.

ಅವಳು ಮತ್ತೆ ಬರಲಿಲ್ಲ. ಕೊನೆಯ ದಿನ ಒಬ್ಬ ಹುಡುಗ ಅದೇ ಪ್ರಶ್ನೆ ಕೇಳಿದ. ಗೆಳೆಯನ ಕೈಯಿಂದ ಮೈಕ್ ಕಸಿದುಕೊಂಡು, ‘ನಂಗೆ ನೆನಪಿರಲ್ಲ ಕಣೋ, ಬಂದಾಗ ನೀನೇ ಇನ್ನೊಂದ್ಸಲ ಹೇಳ್ಬೇಕು’ ಎಂದೆ.

‘ನಮ್ಮಜ್ಜಿಗೂ ಹಂಗೇ’ ಎಂದವನೇ ಮುಂದಿನ ಸ್ಟಾಲ್‌ಗೆ ಓಡಿದ.