ಹೆಣ್ಣು ಪತಂಗದ ಮೌನ ಕರೆ

ಗೂಡಿನಿಂದ ಹೊರಬಂದ ಹೆಣ್ಣು ರೇಷ್ಮೆ ಪತಂಗವು ಆಹಾರವನ್ನು ಮುಟ್ಟುವುದಿಲ್ಲ, ಹಾರುವುದೂ ಇಲ್ಲ. ಕುಳಿತಲ್ಲಿಯೇ ಹೊಟ್ಟೆಯ ತುದಿಯಲ್ಲಿರುವ ಒಂದು ಜೊತೆ ಗ್ರಂಥಿಗಳನ್ನು ಹೊರಚಾಚುತ್ತದೆ, ಅಷ್ಟರಲ್ಲೇ ಸಮೀಪದ ಗಂಡು ಪತಂಗಗಳು ರೆಕ್ಕೆಗಳನ್ನು ಪಟಪಟನೆ ಬಡಿಯುತ್ತ ಅದರತ್ತ ನಡೆದು ಬರುತ್ತವೆ. ನೂಲು ಬಿಚ್ಚುವ ಗೂಡುಗಳಲ್ಲಿ ಕೋಶಾವಸ್ಥೆಯ ಹುಳುವನ್ನು ಮೊದಲೇ ಕೊಲ್ಲುವುದರಿಂದ ಈ ದೃಶ್ಯ ಕಾಣುವುದು ಬಿತ್ತನೆ ಗೂಡುಗಳನ್ನು ಇರಿಸಿ ಮೊಟ್ಟೆ ತೆಗೆಯುವ ಕಡೆ ಮಾತ್ರ. ಮನುಷ್ಯನ ಮೂಗಿಗೆ ಸುಳಿವೇ ಸಿಗದ ಈ ಕರೆ ಒಂದು ರಾಸಾಯನಿಕ ವಸ್ತು. ಒಂದು ಜೀವಿ ಹೊರಸೂಸಿ ಅದೇ ಜಾತಿಯ ಇನ್ನೊಂದು ಜೀವಿಯ ನಡವಳಿಕೆಯನ್ನು ಬದಲಿಸುವ ಇಂಥ ವಸ್ತುವಿಗೆ ಫೆರೊಮೋನ್ ಎಂದು ಹೆಸರು.

ಈ ಹೆಸರನ್ನು ಪೀಟರ್ ಕಾರ್ಲ್‌ಸನ್ ಮತ್ತು ಮಾರ್ಟಿನ್ ಲೂಷರ್ ಟಂಕಿಸಿದ 1959ರಲ್ಲಿಯೇ ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಬುಟೆನಾಂಟ್ ಮತ್ತು ಸಂಗಡಿಗರು ರೇಷ್ಮೆ ಪತಂಗದ ಆಕರ್ಷಕವನ್ನು ಗುರುತಿಸಿ, ಅದನ್ನು ಬಾಂಬಿಕಾಲ್ ಎಂದು ಕರೆದರು. ಸುಮಾರು 5 ಲಕ್ಷ ಹೆಣ್ಣು ಪತಂಗಗಳ ಗ್ರಂಥಿಗಳನ್ನು ಸಂಗ್ರಹಿಸಿ, ಇಪ್ಪತ್ತು ವರ್ಷಗಳಷ್ಟು ದುಡಿದ ಮೇಲೆ ಅವರಿಗೆ ದೊರೆತದ್ದು ಕೆಲವೇ ಮಿಲಿಗ್ರಾಂ ವಸ್ತು. ಅವರು ರೇಷ್ಮೆ ಪತಂಗವನ್ನೇ ಆರಿಸಿದ್ದು ಜಾಣತನವೇ ಸರಿ, ಏಕೆಂದರೆ ಲಕ್ಷಗಟ್ಟಲೆ ಪತಂಗಗಳು ಒಟ್ಟಿಗೆ ಸಿಗುವುದು ಮನುಷ್ಯ ಸಾಕಿದ ಇಂಥ ಕೀಟದಲ್ಲಿ ಮಾತ್ರ.

ಬಾಂಬಿಕಾಲ್ 16 ಇಂಗಾಲದ ಪರಮಾಣುಗಳ ಸರಪಳಿಯುಳ್ಳ ಒಂದು ಮದ್ಯಸಾರ. ಆ ಸರಪಳಿಯಲ್ಲಿರುವ ಎರಡು ಜೋಡಿಬಂಧಗಳ ಬಾಗು ಬದಲಾದಂತೆ ಅದೇ ಅಣುವಿಗೆ ನಾಲ್ಕು ಆಕಾರಗಳು ಸಾಧ್ಯವಿದ್ದು, ಅವುಗಳಲ್ಲಿ ಒಂದಕ್ಕೆ ಮಾತ್ರ ಗಂಡು ಪತಂಗ ನಿಜವಾಗಿ ಓಗೊಡುತ್ತದೆ. ಗಂಡಿನ ಬಾಚಣಿಗೆಯಂಥ ಕುಡಿಮೀಸೆಯ ತುಂಬ ಈ ಅಣುವನ್ನು ಹಿಡಿಯುವ ಸಾವಿರಾರು ಸೂಕ್ಷ್ಮ ರೋಮಗಳಿವೆ. ಒಂದೇ ಒಂದು ಅಣು ತಾಗಿದರೂ ರೋಮದೊಳಗಿನ ನರಕೋಶ ಸಂಕೇತ ಕಳುಹಿಸಬಲ್ಲದು. ಈ ವಾಸನೆಯ ಬಲವಿರುವುದು ಗಾಢತೆಯಲ್ಲಲ್ಲ, ಕರಾರುವಾಕ್ಕಾದ ಆಕಾರದಲ್ಲಿ. ಅನೇಕ ಪತಂಗಗಳು ಎರಡು ಮೂರು ವಸ್ತುಗಳನ್ನು ನಿಶ್ಚಿತ ಪ್ರಮಾಣದಲ್ಲಿ ಬೆರೆಸಿ ಸೂಸುವುದರಿಂದ, ಅದೇ ವಸ್ತುಗಳನ್ನು ಬಳಸುವ ಹತ್ತಿರದ ಜಾತಿಗಳೂ ದಾರಿ ತಪ್ಪುವುದಿಲ್ಲ. ಬೋಲಾಸ್ ಜೇಡವಂತೂ ಇದೇ ಕರೆಯನ್ನು ಕದ್ದು, ಹೆಣ್ಣು ಪತಂಗದ ವಾಸನೆಯನ್ನು ತಾನೇ ಸೂಸಿ ಗಂಡುಗಳನ್ನು ಹಿಡಿದು ತಿನ್ನುತ್ತದೆ.

ರೈತರು ಹೊಲದಲ್ಲಿ ನೇತುಹಾಕುವ ಮೋಹಕ ಬಲೆಯ ತಂತ್ರವೂ ಜೇಡನದೇ. ಹತ್ತಿಯ ಗುಲಾಬಿ ಕಾಯಿಕೊರಕದ ಹೆಣ್ಣಿನ ವಾಸನೆಯನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ರಬ್ಬರಿನ ತುಣುಕಿಗೆ ಹೀರಿಸಿ ಬಲೆಯಲ್ಲಿಟ್ಟರೆ ಗಂಡುಗಳು ಬಂದು ಬೀಳುತ್ತವೆ. ಆದರೆ ಉಳಿದ ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲುದಾದ್ದರಿಂದ, ಇಂಥ ಬಲೆ ಕೀಟವನ್ನು ನಿರ್ಮೂಲ ಮಾಡುವುದಕ್ಕಿಂತ ಅದರ ಸಂಖ್ಯೆ ಏರುತ್ತಿರುವುದನ್ನು ತಿಳಿಯಲು ಹೆಚ್ಚು ಉಪಯುಕ್ತ. ಬಲೆ ತುಂಬಿದ್ದನ್ನೇ ಬೆಳೆ ಉಳಿದದ್ದೆಂದು ಭಾವಿಸುವುದು ಅವಸರವಾದೀತು.

ಹಣ್ಣಿನ ನೊಣದ ಕಥೆ ಸ್ವಲ್ಪ ಬೇರೆ. ಮಾವಿನ ತೋಟದ ಗಂಡು ನೊಣಗಳನ್ನು ಸೆಳೆಯುತ್ತದೆಂದು ಬಿಹಾರದ ಪೂಸಾದಲ್ಲಿದ್ದ ಕೀಟವಿಜ್ಞಾನಿ ಹೌಲೆಟ್ 1910ರ ದಶಕದಲ್ಲಿ ಕಂಡುಕೊಂಡ ಮೀಥೈಲ್ ಯುಜಿನಾಲ್ ಹೆಣ್ಣು ನೊಣದ ವಾಸನೆಯಲ್ಲ, ತುಳಸಿಯಂಥ ಗಿಡಗಳಲ್ಲಿರುವ ವಸ್ತು. ಗಂಡು ಅದನ್ನು ಆಸೆಯಿಂದ ನೆಕ್ಕಿ, ಮೈಯೊಳಗೆ ಮಾರ್ಪಡಿಸಿ, ಹೆಣ್ಣನ್ನು ಒಲಿಸುವ ತನ್ನದೇ ಪರಿಮಳವನ್ನಾಗಿ ಬಳಸುತ್ತದೆ.

ಹೆಣ್ಣೇ ಕರೆಯಬೇಕೆಂಬ ನಿಯಮವೂ ಇಲ್ಲ. ಕೊಡಗು, ಚಿಕ್ಕಮಗಳೂರಿನ ಅರೇಬಿಕಾ ಕಾಫಿ ಗಿಡಗಳನ್ನು ಒಳಗಿನಿಂದ ಟೊಳ್ಳು ಮಾಡುವ ಬಿಳಿ ಕಾಂಡಕೊರಕ ದುಂಬಿಯಲ್ಲಿ ಗಂಡು ವಾಸನೆ ಸೂಸುತ್ತದೆ, ಹೆಣ್ಣು ಅದನ್ನರಸಿ ಬರುತ್ತದೆ. ಹಾಗಾಗಿ ಅಲ್ಲಿನ ಬಲೆಗೆ ಬೀಳುವುದು ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡಬೇಕಾದ ದುಂಬಿಯೇ.